ಕ್ಯಾಸೆಟ್ ಜೋಪಾನ ಮಾಡಿದವರಿಗೆ ನಮಸ್ಕಾರ

ಕೊನೆಯ ಪೆಟ್ಟಿಗೆಯೂ ಮುಗಿಯಿತು. ಎಂಬತ್ತರ ದಶಕದ ಕೊನೆಯಿಂದ ತೊಂಬತ್ತರ ನಡುವಿನವರೆಗೆ ಅಮೆರಿಕದ ಸಣ್ಣ ಸಣ್ಣ ಕ್ಲಬ್ಬುಗಳಿಗೆ ಆಲ್ಟರ್ನೇಟಿವ್ ರಾಕ್ ಕೇಳಲು ಹೋಗಿ, ಜೇಬಿನಲ್ಲೊಂದು ರೆಕಾರ್ಡರ್ ಇಟ್ಟುಕೊಂಡು ನಿಂತವರ ಕ್ಯಾಸೆಟ್ಟುಗಳೆಲ್ಲ ಈಗ ಕಂಪ್ಯೂಟರಿಗೆ ಇಳಿದಿವೆ. ನೆರವಾದವರಲ್ಲಿ ಹೆಚ್ಚಿನವರು ಹೆಸರು ಹಾಕಬೇಡಿ ಎಂದಿದ್ದಾರೆ. ಹಾಗಾಗಿ ಯಾರು ಎನ್ನುವುದನ್ನು ಬಿಟ್ಟು, ಏನು ಮಾಡಿದರು ಎನ್ನುವುದನ್ನಷ್ಟೇ ಬರೆದು ಕೃತಜ್ಞತೆ ಹೇಳುತ್ತಿದ್ದೇವೆ.

ಮೊದಲ ನಮಸ್ಕಾರ ಸೌಂಡ್ ಬೋರ್ಡಿನ (ಸದ್ದನ್ನು ಹದಮಾಡುವ ಮೇಜಿನ) ಪಕ್ಕ ನಿಂತು ರೆಕಾರ್ಡ್ ಮಾಡಿದವರಿಗೆ. ವೇದಿಕೆಯ ಮುಂದೆ ನುಗ್ಗುವ ಆಸೆ ಇಪ್ಪತ್ತರ ವಯಸ್ಸಿನಲ್ಲಿ ಯಾರಿಗಿರುವುದಿಲ್ಲ? ಆದರೆ ಸಣ್ಣ ಕ್ಲಬ್ಬಿನಲ್ಲಿ ಗಿಟಾರು, ಡ್ರಮ್ಮುಗಳ ಸದ್ದು ನೇರವಾಗಿ ವೇದಿಕೆಯಿಂದಲೇ ಬರುತ್ತದೆ. ಹಾಡುವವರ ದನಿ ಮಾತ್ರ ಎರಡು ಬದಿಯ ಸ್ಪೀಕರುಗಳಿಂದ. ಮುಂದಿನ ಸಾಲಿನ ಟೇಪಿನಲ್ಲಿ ಸಿಂಬಲ್ಲಿನ ಅಬ್ಬರ ಇರುತ್ತದೆ, ಸಾಹಿತ್ಯ ಇರುವುದಿಲ್ಲ. ಸೌಂಡ್ ಇಂಜಿನಿಯರು ಎಲ್ಲವನ್ನೂ ಹದಮಾಡುವುದು ತಾನು ನಿಂತ ಜಾಗದ ಲೆಕ್ಕದಲ್ಲಿ, ಹಾಗಾಗಿ ಅವರ ಪಕ್ಕದಲ್ಲಿ ಸಿಕ್ಕ ಟೇಪೇ ಟೇಪು. ಮೈಕನ್ನು ಕಾಲರಿಗೆ ಸಿಕ್ಕಿಸಿಕೊಂಡು, ಕುಣಿಯದೆ, ಚಪ್ಪಾಳೆ ತಟ್ಟದೆ, ಪಕ್ಕದವರ ಮಾತಿಗೆ ಉತ್ತರವನ್ನೂ ಕೊಡದೆ ಒಂದೂವರೆ ಗಂಟೆ ನಿಂತಿದ್ದಾರೆ. ರಾಕ್ ಕಾನ್ಸರ್ಟಿನಲ್ಲಿ ಅದು ತಪಸ್ಸೇ ಸರಿ. ಲೆವೆಲ್ ತಗ್ಗಿಸಿ ಇಟ್ಟವರಿಗೆ ಇನ್ನೊಂದು ನಮಸ್ಕಾರ ಹೆಚ್ಚು. ಟೇಪಿನ ಹಿಸ್ (ಸುಯ್ಯೆನ್ನುವ ಸದ್ದು) ಸಹಿಸಿಕೊಳ್ಳಬಹುದು, ಬಾಸಿನ ಹೊಡೆತಕ್ಕೆ ರೆಕಾರ್ಡಿಂಗಿನಲ್ಲೇ ಒಡೆದ ಸದ್ದನ್ನು ಯಾವ ಸಾಫ್ಟ್‌ವೇರೂ ಪೂರ್ತಿ ಸರಿಮಾಡಲಾರದು.

ಕ್ಯಾಸೆಟ್ ಬಿಚ್ಚಿ ರಿಪೇರಿ ಮಾಡಿದವರ ಕೈಚಳಕ ಹೇಳದಿದ್ದರೆ ತಪ್ಪಾದೀತು. ಬಹುಪಾಲು ಕ್ಯಾಸೆಟ್ಟುಗಳಲ್ಲಿ ಹಾಳಾಗಿದ್ದುದು ಟೇಪಲ್ಲ, ಅದನ್ನು ಯಂತ್ರದ ಹೆಡ್ಡಿಗೆ (ಟೇಪನ್ನು ಓದುವ ಭಾಗಕ್ಕೆ) ಒತ್ತಿ ಹಿಡಿಯುವ ಬೆರಳುಗುರಿನಷ್ಟು ಫೆಲ್ಟ್ ತುಂಡು. ತಗಡಿನ ಸ್ಪ್ರಿಂಗಿಗೆ ಅಂಟಿಸಿದ ಅದು, ಅಂಟು ಒಣಗಿದ ಮೇಲೆ ಉದುರಿಹೋಗುತ್ತದೆ. ಆಮೇಲೆ ಸದ್ದು ಏರುತ್ತ ಇಳಿಯುತ್ತ, ಕಂಬಳಿಯೊಳಗಿಂದ ಬಂದಂತೆ ಕೇಳುತ್ತದೆ. ಟೇಪೇ ಸತ್ತಿತು ಎಂದು ಜನ ಎಸೆದುಬಿಡುತ್ತಾರೆ. ಐದು ಸ್ಕ್ರೂ ಇರುವ ಕವಚವಾದರೆ ಬಿಚ್ಚಿ, ಎರಡೂ ಸುರುಳಿಗಳನ್ನು ಹೊಸ ಕವಚಕ್ಕೆ ಸಾಗಿಸಿದರೆ ಮುಗಿಯಿತು. ಅಂಟಿಸಿ ಮುಚ್ಚಿದ ಕವಚವನ್ನು ಮಾತ್ರ ಅಂಚಿನುದ್ದಕ್ಕೂ ಬ್ಲೇಡಿನಿಂದ ಸೀಳಬೇಕು; ಬ್ಲೇಡು ಒಂದಿಷ್ಟು ಒಳಗೆ ಹೋದರೂ ಟೇಪು ಕತ್ತರಿಸಿಹೋಗುತ್ತದೆ. ಸಿ-120 (120 ನಿಮಿಷದ) ಕ್ಯಾಸೆಟ್ ಕಳಿಸಿದವರ ಮೇಲೆ ನಮ್ಮ ರಿಪೇರಿಯವರಿಗೆ ಸ್ವಲ್ಪ ಮುನಿಸಿದೆ. ಅದರ ಟೇಪು ಸುಮಾರು 9 ಮೈಕ್ರಾನ್ ದಪ್ಪ, ಸಿ-60ರಲ್ಲಿ ಅದರ ಇಮ್ಮಡಿ. ತೆಳು ಟೇಪನ್ನು ವೇಗವಾಗಿ ಸುತ್ತಿಸಿದರೆ ಹಿಗ್ಗುತ್ತದೆ, ಇಲ್ಲವೇ ರೋಲರಿಗೆ ಸುತ್ತಿಕೊಳ್ಳುತ್ತದೆ.

ಹೆಡ್ ಅಡ್ಜಸ್ಟ್ ಮಾಡಲು ಕಿವಿ ಕೊಟ್ಟ ವಿದ್ಯಾರ್ಥಿಗಳಿಗೆ ನಾವು ಯಾರಿಗಿಂತಲೂ ಹೆಚ್ಚು ಋಣಿಗಳು. ರೆಕಾರ್ಡ್ ಮಾಡಿದ ಯಂತ್ರದ ಹೆಡ್ಡು ಕೂದಲೆಳೆಯಷ್ಟು ಓರೆಯಾಗಿದ್ದರೆ, ಕೇಳಿಸುವ ಯಂತ್ರದ ಹೆಡ್ಡನ್ನೂ ಅಷ್ಟೇ ಓರೆಮಾಡಬೇಕು. ಇಲ್ಲವಾದರೆ ಮೇಲಿನ ಸ್ವರಗಳೆಲ್ಲ ಮಾಯ. ವಿಧಾನ ಸರಳ: ಎರಡೂ ಚಾನೆಲ್ಲುಗಳನ್ನು ಕೂಡಿಸಿ ಮೋನೋ ಮಾಡಿ, ಹೆಡ್ಡಿನ ಪಕ್ಕದ ಸ್ಪ್ರಿಂಗ್ ಇರುವ ಸ್ಕ್ರೂವನ್ನು ಎಂಟನೇ ಒಂದು ಸುತ್ತಿಗಿಂತ ಕಡಿಮೆ ತಿರುಗಿಸುತ್ತ, ಹಿಸ್ ಯಾವ ಜಾಗದಲ್ಲಿ ಅತ್ಯಂತ ಚೂಪಾಗಿ ಕೇಳುತ್ತದೋ ಅಲ್ಲಿ ನಿಲ್ಲಿಸುವುದು. ಒಂದೇ ಕ್ಯಾಸೆಟ್ಟಿನ ಎ ಬದಿಗೂ ಬಿ ಬದಿಗೂ ಜಾಗ ಬೇರೆಯಾಗಬಹುದು, ಪ್ರತಿ ಸಲ ಮತ್ತೆ ಹುಡುಕಬೇಕು. ತೊಡಕು ಬಂದದ್ದು ಎಲ್ಲಿ ಎಂದರೆ, ಕ್ಯಾಸೆಟ್ ಕೊಟ್ಟವರಲ್ಲಿ ಅನೇಕರಿಗೆ ಆ ಹಿಸ್ಸೇ ಈಗ ಸರಿಯಾಗಿ ಕೇಳಿಸುವುದಿಲ್ಲ. 100 ಡೆಸಿಬಲ್ ಸದ್ದಿಗೆ ಕಿವಿಯೊಡ್ಡಬಹುದಾದ ಮಿತಿ ದಿನಕ್ಕೆ 15 ನಿಮಿಷ ಎನ್ನುತ್ತದೆ ಕೆಲಸಗಾರರ ಸುರಕ್ಷತೆ, ಆರೋಗ್ಯದ ಬಗ್ಗೆ ಸಂಶೋಧನೆ ಮಾಡುವ ಅಮೆರಿಕದ ನಿಯೋಶ್ ಸಂಸ್ಥೆ. ಕ್ಲಬ್ಬಿನಲ್ಲಿ ನಿಂತದ್ದು ಗಂಟೆಗಟ್ಟಲೆ, ಅದೂ ಕಿವಿಗೆ ಏನನ್ನೂ ಇಟ್ಟುಕೊಳ್ಳದೆ. ಅಪ್ಪ ಅಮ್ಮಂದಿರ ಟೇಪನ್ನು ಸರಿಮಾಡಲು ಮಕ್ಕಳ ಕಿವಿ ಬೇಕಾಯಿತು.

ಹಿಸ್ ತಗ್ಗಿಸುವ ಡಾಲ್ಬಿ ಎಂಬ ವ್ಯವಸ್ಥೆಯ ಬಗ್ಗೆ ಒಂದೇ ಮಾತು: ಚೀಟಿಯಲ್ಲಿ ‘ಡಾಲ್ಬಿ ಬಿ’ ಎಂದು ಬರೆದಿಟ್ಟವರು ಪುಣ್ಯವಂತರು. ಬರೆಯದವರ ಟೇಪುಗಳನ್ನು ಡಾಲ್ಬಿ ಇಲ್ಲದೆಯೇ 24 ಬಿಟ್, 96 ಕಿಲೋಹರ್ಟ್ಸ್‌ನಲ್ಲಿ ಇಳಿಸಿದ್ದೇವೆ. ಸ್ಟೀರಿಯೋ ಆದರೆ ಗಂಟೆಗೆ 2 ಗಿಗಾಬೈಟ್‌ಗಿಂತ ತುಸು ಹೆಚ್ಚು ಜಾಗ ಬೇಕಾಗುತ್ತದೆ. ಹಾರ್ಡ್ ಡಿಸ್ಕ್ ಕೊಟ್ಟವರಿಗೆ ಈ ಲೆಕ್ಕ ಚೆನ್ನಾಗಿ ಗೊತ್ತು!

ವೇಗ ಸರಿಪಡಿಸಿದವರು ಪಟ್ಟ ಪಾಡು ಹೊರಗಿನವರಿಗೆ ಕಾಣುವುದಿಲ್ಲ. ಕ್ಯಾಸೆಟ್ ಓಡಬೇಕಾದ್ದು ಸೆಕೆಂಡಿಗೆ 4.76 ಸೆಂಟಿಮೀಟರ್. ಕಾನ್ಸರ್ಟು ಮುಗಿಯುವ ಹೊತ್ತಿಗೆ ಬ್ಯಾಟರಿ ಸೋತರೆ ಮೋಟಾರು ನಿಧಾನವಾಗುತ್ತದೆ. ಹಾಗೆ ನಿಧಾನವಾಗಿ ಮುದ್ರಿತವಾದದ್ದನ್ನು ಸರಿಯಾದ ವೇಗದಲ್ಲಿ ಕೇಳಿದಾಗ ಹಾಡು ಓಡುತ್ತದೆ, ಶ್ರುತಿ ಏರುತ್ತದೆ. ಅದನ್ನು ಕಿವಿಯಿಂದ ಸರಿಮಾಡುತ್ತೇವೆ ಎಂದು ಹೊರಟರೆ ಮೋಸಹೋಗುತ್ತೇವೆ. ಆ ಕಾಲದ ಎಷ್ಟೋ ಬ್ಯಾಂಡುಗಳು ಗಿಟಾರನ್ನು ಅರ್ಧ ಸ್ವರ (ಒಂದು ಫ್ರೆಟ್ಟಿನಷ್ಟು) ಇಳಿಸಿಯೇ ನುಡಿಸುತ್ತಿದ್ದವು, ಕೆಲವರು ಆರನೇ ತಂತಿಯೊಂದನ್ನೇ ಇಳಿಸುತ್ತಿದ್ದರು. ಹೀಗಾಗಿ ನಂಬಿಕೆಗೆ ಅರ್ಹವಾದದ್ದು ಹಾಡಲ್ಲ, ಎರಡು ಹಾಡುಗಳ ನಡುವೆ ಗಿಟಾರ್ ಆಂಪ್ಲಿಫೈಯರಿನ ಗುಂಯ್‌ಗುಡುವಿಕೆ. ಅದು ಹುಟ್ಟುವುದು ಕರೆಂಟಿನ ಕಂಪನದಿಂದ: ಅಮೆರಿಕದ ವಿದ್ಯುತ್ತು 60 ಹರ್ಟ್ಸ್, ಯುರೋಪಿನದು 50. ಅಮೆರಿಕದ ಟೇಪಿನಲ್ಲಿ ಆ ಗುಂಯ್ 62ರಲ್ಲಿ ಕಂಡರೆ ಟೇಪು ಶೇಕಡಾ 3ಕ್ಕಿಂತ ಹೆಚ್ಚು ಮುಂದೆ ಓಡುತ್ತಿದೆ, ಶ್ರುತಿ ಹತ್ತಿರ ಹತ್ತಿರ ಕಾಲು ಸ್ವರ (ಅರ್ಧ ಫ್ರೆಟ್ಟಿನಷ್ಟು) ಏರಿದೆ ಎಂದರ್ಥ. ಹಾಡಿನ ಮಧ್ಯೆ ಅಳೆಯಬಾರದು: ನಾಲ್ಕು ತಂತಿಯ ಬಾಸ್ ಗಿಟಾರಿನ ಕೆಳಗಿನ ಬಿ ಸ್ವರ 61.7 ಹರ್ಟ್ಸ್, ಅದೇ ಗುಂಯ್ ಎಂದು ಭ್ರಮೆಯಾಗುತ್ತದೆ. ಪ್ರತಿ ಹಾಡಿನ ಮುಂದೆ, ಹಿಂದೆ ಅಳೆದು, ಬ್ಯಾಟರಿ ಇಳಿದ ಹಾಗೆ ವೇಗವನ್ನೂ ಹಂತಹಂತವಾಗಿ ಇಳಿಸಿದ್ದಾರೆ.

ತಾರೀಖು ಪತ್ತೆಮಾಡಿದವರು ಇನ್ನೊಂದು ಬಗೆಯ ಪತ್ತೇದಾರರು. ‘4/7/91’ ಎಂದಷ್ಟೇ ಬರೆದಿದ್ದರೆ ಅಮೆರಿಕದವರಿಗೆ ಅದು ಏಪ್ರಿಲ್ 7, ಬ್ರಿಟನ್ನಿನವರಿಗೆ ಜುಲೈ 4. ಕ್ಯಾಸೆಟ್ ಡಬ್ಬಿಯ ಕಾರ್ಡನ್ನು ನಂಬದೆ ಒಳಗಿನ ಹಾಡನ್ನು ಕೇಳಬೇಕು. ನಿರ್ವಾಣ ಬ್ಯಾಂಡು ‘ಸ್ಮೆಲ್ಸ್ ಲೈಕ್ ಟೀನ್ ಸ್ಪಿರಿಟ್’ ಅನ್ನು ಜನರೆದುರು ಮೊದಲು ನುಡಿಸಿದ್ದು 1991ರ ಏಪ್ರಿಲ್ 17ರಂದು, ಸಿಯಾಟಲ್‌ನ ಓಕೆ ಹೋಟೆಲಿನಲ್ಲಿ. ಆ ಹಾಡಿರುವ ಟೇಪಿನ ಮೇಲೆ 1990 ಎಂದು ಬರೆದಿದ್ದರೆ ಬರೆದವರ ನೆನಪು ಕೈಕೊಟ್ಟಿದೆ. ಹಾಡಿನ ಮೊದಲ ಸ್ವರಗಳಿಗೆ ಸಭೆ ಸುಮ್ಮನಿದೆಯೋ ಕಿರುಚುತ್ತದೆಯೋ ಎನ್ನುವುದೂ ಸುಳಿವೇ. ಸೆಪ್ಟೆಂಬರ್ 24ಕ್ಕೆ ಆಲ್ಬಮ್ ಹೊರಬಂದ ಮೇಲೆ ಯಾರೂ ಸುಮ್ಮನಿರಲಿಲ್ಲ. ಟಿಕೆಟ್ಟಿನ ತುಂಡು ಕಳಿಸಿದವರಿಂದ ಎಷ್ಟೋ ಗೊಂದಲ ಬಗೆಹರಿಯಿತು. ಥರ್ಮಲ್ ಕಾಗದದ ಟಿಕೆಟ್ಟು ಬಿಸಿಲಿಗೂ ಪಿವಿಸಿ ಪ್ಲಾಸ್ಟಿಕ್ ಹಾಳೆಗೂ ಮಾಸಿಹೋಗುತ್ತದೆ. ಮನೆಯಲ್ಲಿ ಇನ್ನೂ ಇದ್ದರೆ ಇವತ್ತೇ 600 ಡಿಪಿಐಗೆ ಸ್ಕ್ಯಾನ್ ಮಾಡಿ.

ನಮಗೆ ಮಾದರಿಯಾದ ಒಂದು ಬ್ಯಾಂಡಿನ ಹೆಸರನ್ನಾದರೂ ಹೇಳಬೇಕು, ಫುಗಾಜಿ. ಟಿಕೆಟ್ಟು ಹೆಚ್ಚಾಗಿ 5 ಡಾಲರ್ ಇರುತ್ತಿತ್ತು, ಯಾವ ವಯಸ್ಸಿನವರಿಗೂ ಪ್ರವೇಶವಿತ್ತು. ತಮ್ಮ ಕಾನ್ಸರ್ಟುಗಳಲ್ಲಿ 800ಕ್ಕೂ ಹೆಚ್ಚನ್ನು ಅವರ ಸೌಂಡಿನವರೇ ರೆಕಾರ್ಡ್ ಮಾಡಿಟ್ಟರು. 2011ರಿಂದ ಅವನ್ನು ತಾರೀಖು, ಊರು, ಸದ್ದಿನ ಗುಣಮಟ್ಟ ಎಲ್ಲ ನಮೂದಿಸಿ ಹೊರತರುತ್ತ ಬಂದಿದ್ದಾರೆ. ನಮ್ಮ ಪಟ್ಟಿಯ ಕಾಲಂಗಳನ್ನು ಅಲ್ಲಿಂದಲೇ ಕಲಿತೆವು. ನಮ್ಮಲ್ಲಿರುವುದು ಮಾರಾಟಕ್ಕಲ್ಲ, ಬ್ಯಾಂಡಿನವರು ಬೇಡವೆಂದರೆ ತೆಗೆದುಬಿಡುತ್ತೇವೆ.

ಮೂಲ ಕ್ಯಾಸೆಟ್ಟುಗಳು ಮುಂದಿನ ವಾರದಿಂದ ಅಂಚೆಯಲ್ಲಿ ಹಿಂದಿರುಗುತ್ತವೆ. ರಿವೈಂಡ್ ಆಗಿಲ್ಲ ಎಂದು ಬೇಸರಿಸಬೇಡಿ. ಕೊನೆಯವರೆಗೆ ನಿಧಾನವಾಗಿ ಓಡಿ ನಿಂತ ಸುತ್ತು ಹೆಚ್ಚು ಸಮನಾಗಿರುತ್ತದೆ, ರಿವೈಂಡ್ ಮಾಡದೆ ಹಾಗೇ ನೆಟ್ಟಗೆ ನಿಲ್ಲಿಸಿ ಇಡಿ, ಸ್ಪೀಕರಿನ ಪಕ್ಕ ಬೇಡ. ಮೇಲಂಚಿನ ಎರಡು ಪ್ಲಾಸ್ಟಿಕ್ ಚೂರುಗಳನ್ನು ನಾವೇ ಬೇಕೆಂದು ಮುರಿದಿದ್ದೇವೆ, ಯಾರೂ ಮರೆತು ರೆಕಾರ್ಡ್ ಬಟನ್ ಒತ್ತದಿರಲಿ ಎಂದು. ಪಾರ್ಸೆಲ್ಲಿಗೆ ನಾವು ಹಚ್ಚಿದ ಸ್ಟಾಂಪಿನ ಹಣ ವಾಪಸು ಕಳಿಸುವುದು ಬೇಡ.