ಕೇಸು ಗೆದ್ದೆ ಮಾಸ್ತರ, ಪೇಢೆ ಮಾತ್ರ ಬೇಗ ಹಂಚಿಬಿಟ್ಟೆ

ಖಡಕಿ, ಪುಣೆ
ಡಿಸೆಂಬರ್, ಭಾನುವಾರ

ಮಾಸ್ತರ,

ಬ್ಯಾರಕ್ಕಿನಲ್ಲಿ ನಮ್ಮೆಲ್ಲರ ಮನೆಗೂ ಕಾಗದ ಬರೆದುಕೊಟ್ಟವನು ನೀನು. ಈಗ ನಿನಗೇ ನಾನು ಬರೆಯುತ್ತಿದ್ದೇನೆ. ತಪ್ಪು ಹುಡುಕಬೇಡ. ಇದನ್ನು ಎಲ್ಲರೂ ಓದಲಿ ಅಂತ ಹಾಕುತ್ತಿದ್ದೇನೆ, ಯಾಕೆಂದರೆ ನಿನ್ನಂಥ ಸೋಮಾರಿಗಳು ಇನ್ನೂ ಬಹಳ ಜನ ಇದ್ದಾರೆ.

ಡಿಸೆಬಿಲಿಟಿ ಪಿಂಚಣಿಯ (ಸೇವೆಯಲ್ಲಿ ಬಂದ ಕಾಯಿಲೆಗೆ, ಪೆಟ್ಟಿಗೆ ಕೊಡುವ ಪಿಂಚಣಿ) ಕೇಸು ಗೆದ್ದಿದ್ದು ಮಾರ್ಚ್‌ನಲ್ಲಿ. ವಕೀಲರ ಫೋನು ಬಂದ ಸಂಜೆಯೇ ಒಂದು ಕಿಲೋ ಪೇಢೆ ತಂದು ಗಲ್ಲಿಗೆಲ್ಲ ಹಂಚಿದೆ. ಧಾರವಾಡದ್ದಲ್ಲ ಬಿಡು, ಇಲ್ಲಿಯ ಬಿಳಿ ಪೇಢೆ. ಆಮೇಲೆ ಪಂಢರಪುರದ ಪಾಲ್ಕಿ ಹೋಯಿತು, ಗಣಪತಿ ಹೋದ, ದೀಪಾವಳಿಯೂ ಹೋಯಿತು. ದುಡ್ಡು ಬಂದಿಲ್ಲ. ಎದುರು ಮನೆಯ ಆಜಿ ಕಂಡಾಗಲೆಲ್ಲ "ಆಲೇ ಕಾ ಪೈಸೆ?" (ದುಡ್ಡು ಬಂತಾ?) ಅಂತಾರೆ. ಮೊದಮೊದಲು ನಿಂತು ಎಲ್ಲ ಬಿಡಿಸಿ ಹೇಳುತ್ತಿದ್ದೆ. ಈಗ ಹಾಲು ತರಲು ಹಿಂದಿನ ಗಲ್ಲಿಯಿಂದ ಹೋಗುತ್ತೇನೆ. ಪೇಢೆ ತಿಂದವರು ಕೇಳದೇ ಇರ್ತಾರಾ?

ನನ್ನ ಕಥೆ ನಿನಗೆ ಗೊತ್ತು. 1993ರಲ್ಲಿ ಸೈನ್ಯಕ್ಕೆ ಭರ್ತಿಯಾದಾಗ ಮೆಡಿಕಲ್‌ನಲ್ಲಿ ಏನೂ ಇರಲಿಲ್ಲ. 2017ರಲ್ಲಿ ಹೊರಗೆ ಬರುವಾಗ ಮೆಡಿಕಲ್ ಬೋರ್ಡಿನವರು ಬರೆದದ್ದು: ಬಿಪಿ, ಡಿಸೆಬಿಲಿಟಿ 30 ಪರ್ಸೆಂಟ್, ಸಾಯೋತನಕ. ಆದರೆ ಬೋರ್ಡಿನ ಹಾಳೆಯಲ್ಲಿ ಎರಡು ಕಾಲಂ ಇರುತ್ತವಲ್ಲ, ಸೇವೆಯಿಂದ ಬಂತೇ, ಸೇವೆಯಿಂದ ಹೆಚ್ಚಾಯಿತೇ ಅಂತ? ಎರಡರಲ್ಲೂ 'ನೋ'. ಅಷ್ಟಕ್ಕೇ ಡಿಸೆಬಿಲಿಟಿ ಪಿಂಚಣಿ ಹೋಯಿತು. ಅಪೀಲಿನಲ್ಲೂ ಇಲ್ಲ ಅಂದರು. ಆ ಕಾಗದವನ್ನು ಟ್ರಂಕಿಗೆ ಹಾಕಿ ಮೇಲೆ ಕಂಬಳಿ ಇಟ್ಟುಬಿಟ್ಟೆ.

ನಿಜ ಹೇಳಬೇಕೆಂದರೆ ನಾಚಿಕೆಯೂ ಇತ್ತು. ಇಲ್ಲೇ ಖಡಕಿಯಲ್ಲಿ ಬೆನ್ನುಹುರಿಗೆ ಪೆಟ್ಟಾದ ಸೈನಿಕರ ಪುನರ್ವಸತಿ ಕೇಂದ್ರ ಇದೆ, 1974ರಿಂದ. ಎದೆಯಿಂದ ಕೆಳಗೆ ಏನೂ ಗೊತ್ತಾಗದ ಹುಡುಗರು ಅಲ್ಲಿ ಗಾಲಿಕುರ್ಚಿಯಲ್ಲಿ ಓಡಾಡುತ್ತಾರೆ. ಬೆಳಿಗ್ಗೆ ಒಂದು ಮಾತ್ರೆ ನುಂಗಿ ಸೈಕಲ್ ಹತ್ತುವ ನಾನು ಅದೇ ರಸ್ತೆಯಲ್ಲಿ ಹೋಗುತ್ತಾ 'ನನಗೂ ಡಿಸೆಬಿಲಿಟಿ' ಅನ್ನಲು ಬಾಯಿ ಬರುತ್ತಿರಲಿಲ್ಲ. ವಕೀಲರಿಗೂ ಇದನ್ನೇ ಹೇಳಿದೆ. ಅವರಿಗೆ ಸಿಟ್ಟೇ ಬಂತು. "ಹವಾಲ್ದಾರ್ ಸಾಹೇಬ್ರೇ, ಇದು ದಾನ ಅಲ್ಲ. ಭರ್ತಿಯಾದಾಗ ಇಲ್ಲದ ಕಾಯಿಲೆ ಆಮೇಲೆ ಬಂದರೆ ಸೇವೆಯಿಂದಲೇ ಬಂತು ಅಂತ ಹಿಡಿಯಬೇಕು. ಅಲ್ಲ ಅನ್ನುವವರು ಕಾರಣ ಬರೆಯಬೇಕು. ನಿಮ್ಮ ಹಾಳೆಯಲ್ಲಿ ಕಾರಣ ಎಲ್ಲಿದೆ ತೋರಿಸಿ" ಅಂದರು. ಸುಪ್ರೀಂ ಕೋರ್ಟು 2013ರಲ್ಲೇ ಧರಮ್‌ವೀರ್ ಸಿಂಗ್ ಕೇಸಿನಲ್ಲಿ ಹೀಗೆ ಹೇಳಿದೆಯಂತೆ. (2023ರ ಸೆಪ್ಟೆಂಬರ್ 21ರಿಂದ ಹೊಸ ನಿಯಮ ಬಂದಿದೆ. ಆಮೇಲೆ ರಿಟೈರ್ ಆದವರ ಲೆಕ್ಕ ಬೇರೆ. ನಾವಿಬ್ಬರೂ ಹಳಬರು.)

2022ರಲ್ಲಿ ಸೈನಿಕರ ಕೇಸು ನೋಡುವ ಮುಂಬೈ ಟ್ರಿಬ್ಯುನಲ್‌ಗೆ ಹಾಕಿದೆವು. ತಾರೀಖಿಗೊಮ್ಮೆ ಬೆಳಗಿನ ಡೆಕ್ಕನ್ ಕ್ವೀನ್, ಬುತ್ತಿಯಲ್ಲಿ ರೊಟ್ಟಿ ಶೇಂಗಾ ಚಟ್ನಿ. ಕೊನೆಗೆ ನಮ್ಮ ಕಡೆಗೇ ಆಯಿತು. 50ಕ್ಕಿಂತ ಕಡಿಮೆ ಇರುವುದನ್ನು 50 ಅಂತ ಹಿಡಿಯುವ ಪದ್ಧತಿ ಇದೆ, ಅದು ವಯಸ್ಸಾಗಿ ರಿಟೈರ್ ಆದವರಿಗೂ ಸಿಗಬೇಕು ಅಂತ 2014ರಲ್ಲೇ ತೀರ್ಪು ಬಂದಿದೆ. ಹಾಗಾಗಿ ನನ್ನ 30 ಈಗ 50. ನೂರಕ್ಕೆ ನೂರು ಇದ್ದವರಿಗೆ ಕೊನೆಯ ಸಂಬಳದ 30 ಪರ್ಸೆಂಟ್, ಅಂದರೆ ನನಗೆ 15. ಮೇಲೆ ತುಟ್ಟಿಭತ್ಯೆ. ಆದೇಶದ ಪ್ರತಿ ಸಿಕ್ಕ 4 ತಿಂಗಳೊಳಗೆ ಕೊಡಿ, ತಪ್ಪಿದರೆ 8 ಪರ್ಸೆಂಟ್ ಬಡ್ಡಿ ಅಂತಲೂ ಬರೆದಿದ್ದಾರೆ. ಆ 4 ತಿಂಗಳು ಆಗಸ್ಟಿಗೇ ಮುಗಿದವು.

ಗೆದ್ದ ಮೇಲೆ ಏನಾಗುತ್ತದೆ ಅಂತ ನನಗೆ ಯಾರೂ ಹೇಳಿರಲಿಲ್ಲ. ಆದೇಶ ರೆಕಾರ್ಡ್ ಆಫೀಸಿಗೆ ಹೋಗುತ್ತದೆ. ಅಲ್ಲಿಂದ ಮೇಲಕ್ಕೆ. ಇದರ ಮೇಲೆ ಮತ್ತೆ ಕೋರ್ಟಿಗೆ ಹೋಗೋಣವೋ ಬೇಡವೋ ಅಂತ ಅವರು ಯೋಚಿಸಬೇಕು. ಬೇಡ ಅಂದರೆ ಸರ್ಕಾರದ ಸ್ಯಾಂಕ್ಷನ್ ಪತ್ರ. ಆಮೇಲೆ ತಿದ್ದಿದ ಪಿಪಿಒ, ಅಂದರೆ ಪಿಂಚಣಿ ಕೊಡಿ ಅನ್ನುವ ಆದೇಶ. ಆಮೇಲೆ ಅದು ಸೈನ್ಯದ ಪಿಂಚಣಿಯ ವೆಬ್‌ಸೈಟ್ 'ಸ್ಪರ್ಶ್'ನಲ್ಲಿ ಏರಬೇಕು. ನನ್ನ ಫೈಲು ಯಾವ ಮೆಟ್ಟಿಲಲ್ಲಿ ಕೂತಿದೆ ಅಂತ ಕೇಳಿದರೆ "ಅಂಡರ್ ಪ್ರೋಸೆಸ್" ಅಂತಾರೆ. ಕ್ಯಾನ್ಸಲ್ ಮಾಡಿದ ಚೆಕ್ಕನ್ನು ಮೂರು ಸಲ ಕಳಿಸಿದ್ದೇನೆ.

ಸೋತಾಗ ಇಷ್ಟು ಕಷ್ಟ ಇರಲಿಲ್ಲ ಮಾರಾಯ. ಆಗ ಮರೆತು ಮಲಗುತ್ತಿದ್ದೆ. ಈಗ ರಾತ್ರಿ ಊಟ ಆದ ಮೇಲೆ ಮಗಳು ಮೊಬೈಲಿನಲ್ಲಿ ಸ್ಪರ್ಶ್ ತೆಗೆಯುತ್ತಾಳೆ. ಓಟಿಪಿ ನಾನು ಓದಿ ಹೇಳಬೇಕು. ಅವಳು ಕೆಳಗೆ ಸರಿಸುತ್ತಾ ಹೋಗುತ್ತಾಳೆ. ಬೇಸಿಕ್ ಇದೆ, ತುಟ್ಟಿಭತ್ಯೆ ಇದೆ. ಡಿಸೆಬಿಲಿಟಿ ಅನ್ನುವಲ್ಲಿ ಸೊನ್ನೆ. "ನಾಳೆ ನೋಡೋಣ ಪಪ್ಪಾ" ಅಂತ ಮುಚ್ಚುತ್ತಾಳೆ. ನವೆಂಬರ್‌ನಲ್ಲಿ ಲೈಫ್ ಸರ್ಟಿಫಿಕೇಟ್‌ಗೆ ಬೆರಳು ಒತ್ತಿ ಬದುಕಿದ್ದೇನೆ ಅಂತ ತೋರಿಸಿ ಬಂದೆ. ಅದು ಮಾತ್ರ ಎರಡೇ ನಿಮಿಷದಲ್ಲಿ ಆಯಿತು.

ಹೆಂಡತಿಗೆ ಆ ದುಡ್ಡಿನಲ್ಲಿ ಅಡುಗೆಮನೆಯ ತಗಡು ಬದಲಿಸಬೇಕು. ಮಳೆಗಾಲವಿಡೀ ಒಲೆಯ ಪಕ್ಕ ಒಂದು ನೀಲಿ ಬಕೆಟ್ ಇತ್ತು. ಅವಳು ಅದಕ್ಕೆ 'ಏರಿಯರ್ಸ್' (ಹಳೆಯ ಬಾಕಿ) ಅಂತ ಹೆಸರಿಟ್ಟಿದ್ದಳು. "ರೀ, ಏರಿಯರ್ಸ್ ತುಂಬಿತು, ಚೆಲ್ಲಿ ಬನ್ನಿ." ನಗಬೇಕೋ ಅಳಬೇಕೋ. ಎದ್ದು ಹೋಗಿ ಚೆಲ್ಲಿ ಬರುತ್ತಿದ್ದೆ.

ಜನವರಿಯೊಳಗೆ ಏನೂ ಆಗದಿದ್ದರೆ, ಆದೇಶ ಜಾರಿ ಮಾಡಿಸಿ ಅಂತ ಅದೇ ಟ್ರಿಬ್ಯುನಲ್‌ಗೆ ಅರ್ಜಿ ಹಾಕುತ್ತೇವೆ. ಮತ್ತೆ ಡೆಕ್ಕನ್ ಕ್ವೀನ್.

ಈಗ ನಿನ್ನ ವಿಷಯ. ಹಳೆಯ ಬಾಕಿ ಸಾಮಾನ್ಯವಾಗಿ ಸಿಗುವುದು ಅರ್ಜಿ ಹಾಕಿದ ದಿನದಿಂದ ಹಿಂದಿನ 3 ವರ್ಷಕ್ಕೆ ಮಾತ್ರ. ನನಗೆ 2019ರಿಂದ ಲೆಕ್ಕ. ಅದಕ್ಕೂ ಮೊದಲಿನದು ಕಂಬಳಿ ಕೆಳಗೇ ಹೋಯಿತು. ನಿನ್ನ ಮೊಣಕಾಲಿಗೆ 20 ಬರೆದಿದ್ದರಲ್ಲ, ಪಕ್ಕದಲ್ಲಿ ಅದೇ ನೋ, ನೋ? 20 ಇದ್ದರೆ ಸಾಕು. ನೀನು 'ನೋಡೋಣ ಬಿಡೋ' ಅನ್ನುವ ಒಂದೊಂದು ತಿಂಗಳೂ ಹಿಂದಿನಿಂದ ಒಂದು ತಿಂಗಳ ದುಡ್ಡು ಕತ್ತರಿಸಿ ಹೋಗುತ್ತಿದೆ. ಇವತ್ತೇ ಟ್ರಂಕು ತೆಗೆ. ಬೋರ್ಡಿನ ಹಾಳೆಯ ಎರಡೂ ಬದಿ ಫೋಟೋ ಹೊಡೆದು ವಾಟ್ಸಾಪ್ ಮಾಡು. ಶನಿವಾರ ವಕೀಲರ ಹತ್ತಿರ ಹೋಗುತ್ತೇನೆ, ತೋರಿಸುತ್ತೇನೆ.

ವೈನಿಗೆ ನಮಸ್ಕಾರ ಹೇಳು. ನೀನು ಗೆದ್ದರೆ ಅವರಿಗೆ ಹೇಳು, ಸಾಕು. ಗಲ್ಲಿಗೆ ಹೇಳಬೇಡ.

ನಿನ್ನ ಪಕ್ಕದ ಚಾರ್‌ಪಾಯಿಯವನು