ಮೂರನೆಯ ತಿರುವಿನಲ್ಲಿ ಪೊರಕೆ ಹಿಡಿದವರಿಗೆ

ಕಳೆದ ಭಾನುವಾರ ಚಿತ್ರದುರ್ಗದ ಬಳಿಯ ಗಾಳಿಯಂತ್ರಗಳ ಗುಡ್ಡದಲ್ಲಿ ಹವ್ಯಾಸಿಗಳಿಗಾಗಿ ನಡೆದ ಹಿಲ್ ಕ್ಲೈಂಬ್ ಕಾರು ಸ್ಪರ್ಧೆಯಲ್ಲಿ ನಾನು ಎರಡೂ ಸುತ್ತುಗಳನ್ನು ಪೂರೈಸಿದೆ. ಸಾವಿರ ಸಿಸಿಯೊಳಗಿನ ವಿಭಾಗದಲ್ಲಿದ್ದ ಒಂಬತ್ತು ಕಾರುಗಳಲ್ಲಿ ನನಗೆ ನಾಲ್ಕನೆಯ ಸ್ಥಾನ. ಅಂದಿನಿಂದ ಫೋನು ಮಾಡಿದವರೆಲ್ಲ ನನ್ನ ಧೈರ್ಯವನ್ನು ಹೊಗಳುತ್ತಿದ್ದೀರಿ. ಆ ಹೊಗಳಿಕೆಯಲ್ಲಿ ದೊಡ್ಡ ಪಾಲು ಬೇರೆಯವರಿಗೆ ಸಲ್ಲಬೇಕು. ಹೆಸರು ಹಾಕಬೇಡಿ ಎಂದು ಅವರಲ್ಲಿ ಕೆಲವರು ಕೇಳಿಕೊಂಡಿದ್ದಾರೆ. ಓದಿದರೆ ಅವರವರಿಗೆ ತಿಳಿಯುತ್ತದೆ.

ಈ ಸ್ಪರ್ಧೆಯ ಪರಿಚಯವಿಲ್ಲದವರಿಗೆ ಒಂದು ಮಾತು. ಇಲ್ಲಿ ಕಾರುಗಳು ಒಟ್ಟಿಗೆ ಓಡುವುದಿಲ್ಲ. ಒಬ್ಬೊಬ್ಬರೇ ಗುಡ್ಡದ ಬುಡದಿಂದ ತುದಿಗೆ ಹತ್ತುತ್ತಾರೆ, ಯಾರ ಸಮಯ ಕಡಿಮೆಯೋ ಅವರು ಗೆದ್ದ ಹಾಗೆ. ಇಂಗ್ಲೆಂಡಿನ ಶೆಲ್ಸ್ಲಿ ವಾಲ್ಷ್ ಗುಡ್ಡದಲ್ಲಿ 1905ರಲ್ಲೇ ಹೀಗೆ ಕಾರು ಹತ್ತಿಸಿದ್ದರು. ಒಬ್ಬೊಬ್ಬರೇ ಹೋಗುವುದರಿಂದ ಮಳೆ ಎಲ್ಲರ ಪಾಲಿಗೂ ಒಂದೇ ಸಮ ಬರುವುದಿಲ್ಲ. ಹತ್ತು ನಿಮಿಷ ಮುಂಚೆ ಹೋದವರಿಗೆ ಒಣ ರಸ್ತೆ ಸಿಕ್ಕರೆ ಹಿಂದೆ ಬಂದವರಿಗೆ ಕೆಸರು.

ಹೋದ ವರ್ಷ ನನ್ನ ಪಾಲಿಗೆ ಬಂದದ್ದು ಕೆಸರು. ಒದ್ದೆ ತಿರುವಿನ ನಡುವೆ ಬ್ರೇಕ್ ಒತ್ತಿದೆ. ಕಾರಿನ ಹಿಂಭಾಗ ಜಾರಿ ಕಲ್ಲಿನ ಕಟ್ಟೆಗೆ ಬಡಿಯಿತು, ಕೊರಳೆಲುಬು ಮುರಿಯಿತು. ಎಲುಬು ಎರಡು ತಿಂಗಳಲ್ಲಿ ಕೂಡಿಕೊಂಡಿತು. ಭಯ ಕೂಡಲೇ ಬಿಡಲಿಲ್ಲ. ಪಿ.ಬಿ. ರಸ್ತೆಯ ನಮ್ಮ ಬಿಡಿಭಾಗಗಳ ಅಂಗಡಿಗೆ ಆರು ತಿಂಗಳು ಆಟೋದಲ್ಲಿ ಹೋಗಿ ಬಂದೆ. ಅಪ್ಪ ಬಿಟ್ಟುಹೋದ ಜೆನ್ ಕಾರು ಮನೆಯ ಮುಂದೆ ಹೊದಿಕೆಯಡಿ ನಿಂತಿತ್ತು. ಒಂದು ದಿನ ಅಮ್ಮನೇ ಹೊದಿಕೆ ಎಳೆದು, ಕೀಲಿಕೈ ತಂದು ನನ್ನ ಅಂಗೈಯಲ್ಲಿಟ್ಟರು. ಏನೂ ಹೇಳಲಿಲ್ಲ. ಅಮ್ಮಾ, ಆ ಬೆಳಿಗ್ಗೆಯನ್ನು ನಾನು ಮರೆಯುವುದಿಲ್ಲ.

ಗ್ಯಾರೇಜಿನ ಚಾಚಾ ಅವರ ಋಣ ಬೇರೆಯೇ. ನುಜ್ಜಾದ ಬಾಗಿಲನ್ನು ಬಡಿದು ನೇರ ಮಾಡಿದ್ದಲ್ಲದೆ, ಮಳೆಯಲ್ಲಿ ನಾನು ಎಡವಿದ್ದು ಏಕೆ ಎಂದು ಕೂರಿಸಿಕೊಂಡು ತಿಳಿಸಿದರು. ಏರಿನಲ್ಲಿ ಕಾರಿನ ಭಾರ ಹಿಂದಕ್ಕೆ ವಾಲುತ್ತದೆ. ಜೆನ್ ಎಳೆಯುವುದು ಮುಂದಿನ ಚಕ್ರಗಳಿಂದ. ಭಾರ ಕಡಿಮೆಯಾದ ಆ ಚಕ್ರಗಳಲ್ಲಿ ಒಳಬದಿಯದ್ದು ತಿರುವಿನಲ್ಲಿ ಇನ್ನಷ್ಟು ಹಗುರಾಗಿ, ಸುಮ್ಮನೆ ಗಿರ್ರೆಂದು ತಿರುಗುತ್ತದೆ. ಎಂಜಿನ್ ಅರಚುತ್ತದೆ, ಕಾರು ಮಾತ್ರ ಮುಂದೆ ಹೋಗುವುದಿಲ್ಲ. "ಆಗ ಆಕ್ಸಿಲರೇಟರ್ ಇನ್ನಷ್ಟು ತುಳಿಯಬೇಡಮ್ಮ, ಅರ್ಧ ಬಿಡು. ಬ್ರೇಕನ್ನು ರಸ್ತೆ ನೇರವಿರುವಾಗಲೇ ಮುಗಿಸಿಕೋ" ಎಂದರು. ಹೊರಡುವ ಹಿಂದಿನ ರಾತ್ರಿ ಮುಂದಿನ ಗಾಜಿನ ಒಳಬದಿಗೆ ಚೂರು ಶಾಂಪೂ ಸವರಿ, ಅಮ್ಮನ ಹಳೆಯ ಹತ್ತಿ ಸೀರೆಯ ತುಂಡಿನಿಂದ ಉಜ್ಜಿ ಒಣಗಿಸಿದರು. ಮರುದಿನ ಮಳೆಯಲ್ಲಿ ನನ್ನ ಉಸಿರಿಗೆ ಗಾಜು ಮಬ್ಬಾಗಲಿಲ್ಲ. ಆಳವಾದ ಗೀರುಗಳಿದ್ದ ನಾಲ್ಕು ಟೈರುಗಳನ್ನು ಬೇಡವೆಂದರೂ ಟಾಟಾ ಏಸ್‌ಗೆ ಹೇರಿದವರೂ ಅವರೇ.

ಭಾನುವಾರ ಬೆಳಿಗ್ಗೆ ಆಕಾಶ ತೊಳೆದಿಟ್ಟ ಹಾಗಿತ್ತು. ಅಭ್ಯಾಸದ ಸುತ್ತಿನಲ್ಲಿ 2 ನಿಮಿಷ 33 ಸೆಕೆಂಡುಗಳಲ್ಲಿ ತುದಿ ತಲುಪಿದೆ. ಹಸ್ತ ಮಳೆಯ ದಿನಗಳು, ನಂಬುವಂತಿರಲಿಲ್ಲ ನಿಜ. ಆದರೂ ಬಿಸಿಲು ನೋಡಿ ಎಲ್ಲರೂ ಸವೆದ ಟೈರುಗಳಲ್ಲೇ ನಿಂತಿದ್ದೆವು. ಆಗ ಗಾಳಿಯಂತ್ರಗಳ ಕಾವಲುಗಾರರೊಬ್ಬರು ಹತ್ತಿರ ಬಂದು, "ಅಕ್ಕಾ, ಫ್ಯಾನುಗಳು ಮುಖ ತಿರುಗಿಸಿವೆ ನೋಡಿ" ಎಂದರು. ತಲೆ ಎತ್ತಿದೆ. ಬೆಳಿಗ್ಗೆ ಪಶ್ಚಿಮಕ್ಕೆ ಮುಖ ಮಾಡಿದ್ದ ಯಂತ್ರಗಳು ಸಾಲಾಗಿ ಪೂರ್ವಕ್ಕೆ ಹೊರಳಿದ್ದವು. ಗಾಳಿ ಬಂದ ದಿಕ್ಕಿಗೆ ಅವು ತಾವಾಗಿಯೇ ತಿರುಗಿಕೊಳ್ಳುತ್ತವೆ. "ಆ ಕಡೆಯಿಂದ ಬಂದರೆ ಬಿಡದೆ ಹೊಡೆಯುತ್ತದೆ. ಕಾಲು ಗಂಟೆ ಅಷ್ಟೇ." ಹತ್ತು ವರ್ಷ ಅದೇ ಗುಡ್ಡದಲ್ಲಿ ಮಲಗೆದ್ದವರ ಮಾತು. ನಂಬಿದೆ.

ಟೈರು ಬದಲಿಸಬೇಕು. ನಮ್ಮಲ್ಲಿದ್ದುದು ಒಂದೇ ಜಾಕ್, ಬಿಚ್ಚಿ ಕಟ್ಟಬೇಕಾದ ನಟ್ಟುಗಳು ಹದಿನಾರು. ನನ್ನದೇ ವಿಭಾಗದಲ್ಲಿದ್ದ ಚಿತ್ರದುರ್ಗದ ಯುವಕ ತನ್ನ ಜಾಕ್, ಪಾನಾ ಎತ್ತಿಕೊಂಡು ಓಡಿಬಂದು ಇನ್ನೊಂದು ಬದಿಯ ಎರಡು ಚಕ್ರಗಳನ್ನು ತಾನೇ ಬದಲಿಸಿದ. ತನ್ನ ಕಾರಿನ ಸರದಿ ಹತ್ತಿರವಿದ್ದಾಗ ಹಾಗೆ ಮಾಡಿದ. ತಮ್ಮಾ, ನೀನು ನನಗಿಂತ ಒಂದು ಸ್ಥಾನ ಮುಂದೆ ಬಂದದ್ದಕ್ಕೆ ನನ್ನಷ್ಟು ಸಂತೋಷಪಟ್ಟವರು ಅಲ್ಲಿ ಯಾರೂ ಇರಲಿಲ್ಲ.

ಮಳೆ ಸುರಿಯಿತು. ಅರ್ಧ ಗುಡ್ಡಕ್ಕೆ ಮಳೆ, ಉಳಿದರ್ಧಕ್ಕೆ ಬಿಸಿಲು. ಮೊದಲ ಸುತ್ತಿನಲ್ಲಿ ಮೂರನೆಯ ತಿರುವಿಗೆ ಬಂದಾಗ ರಸ್ತೆಯೇ ಕಾಣಲಿಲ್ಲ. ಮೇಲಿನ ದಿಬ್ಬದಿಂದ ಕೆಂಪು ಮಣ್ಣು ನೀರಿನೊಂದಿಗೆ ಇಳಿದು ಡಾಂಬರಿನ ಮೇಲೆ ಹಾಸಿಕೊಂಡಿತ್ತು. ಚಾಚಾ ಹೇಳಿದ್ದೇ ಆಯಿತು, ಒಳಚಕ್ರ ಗಿರ್ರೆಂದಿತು. ಹೋದ ವರ್ಷದ ಕಲ್ಲಿನ ಕಟ್ಟೆ ಎಡಗಡೆಯೇ ಇತ್ತು. ಕಾಲನ್ನು ಅರ್ಧ ಬಿಟ್ಟೆ. ತೆವಳಿಕೊಂಡು ಹತ್ತಿ ಮುಗಿಸಿದಾಗ 3 ನಿಮಿಷ 4 ಸೆಕೆಂಡು.

ಸುತ್ತುಗಳ ನಡುವಿನ ಬಿಡುವಿನಲ್ಲಿ ಆ ತಿರುವಿನಲ್ಲಿ ನಡೆದದ್ದನ್ನು ಆಮೇಲೆ ಕೇಳಿ ತಿಳಿದೆ. ಬಾವುಟ ಹಿಡಿದಿದ್ದ ಹುಡುಗರು ಮಣ್ಣು ಗುಡಿಸಿದಷ್ಟೂ ಅದು ಮತ್ತೆ ಬರುತ್ತಿತ್ತು. ಬೇಯಿಸಿದ ಶೇಂಗಾ ಮಾರಲು ಕೆಳಗಿನ ಹಳ್ಳಿಯಿಂದ ಬಂದಿದ್ದ ಇಬ್ಬರು ಹೆಂಗಸರು ಬುಟ್ಟಿ ಇಳಿಸಿ, ಹುಡುಗರ ಒಪ್ಪಿಗೆ ಕೇಳಿ ಕೆಲಸಕ್ಕೆ ನಿಂತರು. "ಮೊದಲು ನೀರಿಗೆ ದಾರಿ ಬಿಡಿಸಿ" ಎಂದು ಹಿರಿಯಾಕೆ ಸಲಿಕೆ ತೆಗೆದುಕೊಂಡು, ರಸ್ತೆಯಂಚಿನಲ್ಲಿ ಹೂತುಹೋಗಿದ್ದ ಚರಂಡಿಯನ್ನು ಹೊಲದ ಬದುವಿಗೆ ಕಾಲುವೆ ತೆಗೆದಂತೆ ಬಿಡಿಸಿದರು. ನೀರು ಪಕ್ಕಕ್ಕೆ ಹೊರಳಿತು. ಕಿರಿಯಾಕೆ ಕಡ್ಡಿಪೊರಕೆಯಿಂದ ಉಳಿದ ಮಣ್ಣನ್ನು ಬಳಿದರು. ಎರಡನೆಯ ಸುತ್ತಿಗೆ ನಾನು ಬಂದಾಗ ಮಳೆ ಇನ್ನೂ ಹನಿಯುತ್ತಿತ್ತು, ತಿರುವಿನಲ್ಲಿ ಕಪ್ಪು ಡಾಂಬರು ಫಳಫಳ ಹೊಳೆಯುತ್ತಿತ್ತು. 2 ನಿಮಿಷ 41. ನನ್ನ ನಾಲ್ಕನೆಯ ಸ್ಥಾನ ಬಂದದ್ದು ಆ ಸುತ್ತಿನಿಂದ.

ಅನುಮತಿಯ ಕಡತ ಹಿಡಿದು ವಾರಗಟ್ಟಲೆ ಓಡಾಡಿದ ಸಂಘಟಕರಿಗೆ, ರಸ್ತೆ ಕಾದ ಪೊಲೀಸರಿಗೆ, ದಿನವಿಡೀ ನಿಂತಿದ್ದ ಆಂಬುಲೆನ್ಸ್ ಸಿಬ್ಬಂದಿಗೆ ವಂದನೆಗಳು. ಸರ್ಕಾರದ ಲಿಖಿತ ಒಪ್ಪಿಗೆಯಿಲ್ಲದೆ ಸಾರ್ವಜನಿಕ ಸ್ಥಳದಲ್ಲಿ ವೇಗದ ಸ್ಪರ್ಧೆ ನಡೆಸುವುದು 1988ರ ಮೋಟಾರು ವಾಹನ ಕಾಯ್ದೆಯ 189ನೆಯ ಕಲಮಿನಡಿ ಅಪರಾಧ. ರಾತ್ರಿ ಬೈಪಾಸಿನಲ್ಲಿ ಪಂದ್ಯ ಕಟ್ಟುವ ಹುಡುಗರು ದಯವಿಟ್ಟು ನನ್ನ ಅಂಗಡಿಗೆ ಬನ್ನಿ. ಹೆಲ್ಮೆಟ್ ಹಾಕಿ, ಮುಚ್ಚಿದ ರಸ್ತೆಯಲ್ಲಿ ಓಡಿಸುವ ದಾರಿ ಯಾವುದೆಂದು ನಾನು ತೋರಿಸುತ್ತೇನೆ.

ಕಾಲೇಜು ಹುಡುಗನೊಬ್ಬ ಮೂರನೆಯ ತಿರುವಿನಲ್ಲಿ ತೆಗೆದ ವಿಡಿಯೊ ಕಳುಹಿಸಿದ್ದಾನೆ, ಇಪ್ಪತ್ತೆರಡು ಸೆಕೆಂಡುಗಳದ್ದು. ಎಂಜಿನ್ ಸದ್ದಿನ ನಡುವೆ ಒಂದು ಹೆಣ್ಣುದನಿ ಕೂಗುತ್ತದೆ: "ಬಂದಳು, ಬಂದಳು! ಮಣ್ಣಿಗೆ ಹೋಗಬೇಡ ಮಗಳೇ, ಈಚೆ ಬಾ!" ಹೆಲ್ಮೆಟ್ಟಿನೊಳಗೆ ನನಗೆ ಅದು ಕೇಳಿಸಿರಲಿಲ್ಲ. ಬರುವ ಸೋಮವಾರ ಅಂಗಡಿ ಮುಚ್ಚಿ, ಅಮ್ಮನನ್ನು ಜೆನ್‌ನಲ್ಲಿ ಕೂರಿಸಿಕೊಂಡು ಆ ಹಳ್ಳಿಗೆ ಹೋಗುತ್ತಿದ್ದೇನೆ. ಅವರಿಗೆ ಆ ವಿಡಿಯೊ ತೋರಿಸಬೇಕು.