ಹೃದಯಾಘಾತದ ನೋಂದಣಿಗೆ ದೇಣಿಗೆ ಕೊಡಿ

ಆತ್ಮೀಯರೇ,

ಇಸಿಜಿ ಯಂತ್ರಕ್ಕೋ ಆಂಬುಲೆನ್ಸಿಗೋ ಕೇಳಿದರೆ ದಾನಿಗಳು ಬೇಗ ಸಿಗುತ್ತಾರೆ. ಅದರ ಮೇಲೆ ಹೆಸರು ಬರೆಸಬಹುದು, ಅಲ್ವಾ? ನಮ್ಮ ಟ್ರಸ್ಟ್ ಈ ಸಲ ಕೇಳುತ್ತಿರುವುದು ಹೆಸರು ಬರೆಸಲು ಜಾಗವೇ ಇಲ್ಲದ ಕೆಲಸಕ್ಕೆ. ನಮ್ಮ ಪ್ರದೇಶದಲ್ಲಿ ಯಾರಿಗೆಲ್ಲ ಹೃದಯಾಘಾತವಾಯಿತು, ಯಾರು ಉಳಿದರು ಎಂದು ಪ್ರತಿ ವರ್ಷ ಬರೆದಿಡುವ ನೋಂದಣಿಗೆ.

ಈ ಲೆಕ್ಕ ಆಸ್ಪತ್ರೆಯಲ್ಲೇ ಇರುತ್ತದಲ್ಲ ಅನ್ನಬಹುದು. ಪೂರ್ತಿ ಇರುವುದಿಲ್ಲ. ಹೃದಯಾಘಾತದಲ್ಲಿ ಸಾಯುವ ಎಷ್ಟೋ ಜನ ಆಸ್ಪತ್ರೆ ತಲುಪುವ ಮೊದಲೇ ಹೋಗಿಬಿಡುತ್ತಾರೆ. ಅವರನ್ನೂ ಸೇರಿಸಬೇಕಾದರೆ ಮರಣ ದಾಖಲೆ ಹುಡುಕಬೇಕು, ಮನೆಯವರ ಹತ್ತಿರ ಕೂತು ಎದೆನೋವು ಯಾವಾಗ ಶುರುವಾಯಿತು ಎಂದು ಮೆತ್ತಗೆ ಕೇಳಬೇಕು.

ಸಾವು ಕಡಿಮೆಯಾಯಿತು ಅನ್ನೋಣ. ಆಘಾತವೇ ಕಡಿಮೆ ಜನಕ್ಕೆ ಆಗುತ್ತಿದೆಯೋ, ಆದವರು ಜಾಸ್ತಿ ಬದುಕುತ್ತಿದ್ದಾರೋ? ಮೊದಲನೆಯದಾದರೆ ಸಿಗರೇಟು, ರಕ್ತದೊತ್ತಡ, ಕೊಲೆಸ್ಟರಾಲ್ ಕಡೆ ನೋಡಬೇಕು. ಎರಡನೆಯದಾದರೆ ಚಿಕಿತ್ಸೆಯ ಕಡೆ. ವಿಶ್ವ ಆರೋಗ್ಯ ಸಂಸ್ಥೆಯ ಮೋನಿಕಾ ಯೋಜನೆ 1980ರ ದಶಕದಿಂದ ಸುಮಾರು 10 ವರ್ಷ, 21 ದೇಶಗಳಲ್ಲಿ, 35ರಿಂದ 64 ವಯಸ್ಸಿನವರ ಲೆಕ್ಕ ಹಿಡಿಯಿತು. ಆಘಾತವಾಗಿ 28 ದಿನದೊಳಗೆ ತೀರಿಕೊಂಡರೆ ಅದನ್ನು ಆ ಆಘಾತದ ಸಾವು ಎಂದೇ ಎಲ್ಲ ಕಡೆ ಬರೆದರು. ಸಾವು ಇಳಿದ ಕಡೆಗಳಲ್ಲಿ, ಆ ಇಳಿಕೆಯ ಸುಮಾರು ಮೂರರಲ್ಲಿ ಎರಡು ಪಾಲು ಆಘಾತವೇ ಕಡಿಮೆಯಾದದ್ದರಿಂದ ಎಂದು ಗೊತ್ತಾಯಿತು. ಬರೀ ಆಸ್ಪತ್ರೆ ಪುಸ್ತಕ ನೋಡಿದ್ದರೆ ಇದು ತಿಳಿಯುತ್ತಲೇ ಇರಲಿಲ್ಲ.

ಇನ್ನೊಂದು ತೊಡಕಿದೆ. ಹೃದಯದ ಸ್ನಾಯುವಿಗೆ ಸ್ವಲ್ಪ ಪೆಟ್ಟಾದರೂ ತೋರಿಸುವ ಟ್ರೋಪೋನಿನ್ ರಕ್ತಪರೀಕ್ಷೆ ಬಂದ ಮೇಲೆ, ಮೊದಲು ಗೊತ್ತೇ ಆಗದ ಸಣ್ಣ ಆಘಾತಗಳೂ ಲೆಕ್ಕಕ್ಕೆ ಸೇರುತ್ತಿವೆ. ಹಾಗಾಗಿ ಕಾಯಿಲೆ ಏರಿದಂತೆ ಕಾಣುತ್ತದೆ, ಸಾಯುವವರ ಪ್ರಮಾಣ ಇಳಿದಂತೆಯೂ ಕಾಣುತ್ತದೆ. ಜನರ ಸರಾಸರಿ ವಯಸ್ಸು ಏರಿದರೂ ಅಷ್ಟೇ, ಸಂಖ್ಯೆ ತಾನಾಗಿ ಏರುತ್ತದೆ. ಇದನ್ನೆಲ್ಲ ಬಿಡಿಸಿ ನೋಡಲು ತರಬೇತಾದವರೇ ಬೇಕು. ಸುಮ್ನೆ ಕೂಡಿಸಿ ಹೇಳುವ ಕೆಲಸ ಅಲ್ಲ ಇದು.

ನಿಮ್ಮ ಹಣ ಹೋಗುವುದು ಮನೆಮನೆಗೆ ಹೋಗುವವರ ಸಂಬಳಕ್ಕೆ, ಓಡಾಟಕ್ಕೆ, ದಾಖಲೆ ಮತ್ತೊಮ್ಮೆ ಪರಿಶೀಲಿಸುವ ವೈದ್ಯರ ಗೌರವಧನಕ್ಕೆ, ಮಾಹಿತಿ ಗುಟ್ಟಾಗಿ ಇಡುವ ಕಂಪ್ಯೂಟರಿಗೆ. ಒಂದೇ ಸಲ ದೊಡ್ಡ ಮೊತ್ತ ಕೊಡುವುದಕ್ಕಿಂತ ಪ್ರತಿ ವರ್ಷ ಚಿಕ್ಕ ಮೊತ್ತ ಕೊಟ್ಟರೆ ನಮಗೆ ಜಾಸ್ತಿ ಉಪಯೋಗ. ನಡುವೆ ಒಂದೆರಡು ವರ್ಷ ಲೆಕ್ಕ ನಿಂತರೆ ಏರಿತೋ ಇಳಿಯಿತೋ ಹೇಳುವುದು ಕಷ್ಟ.

ಎಷ್ಟೇ ಕೊಟ್ಟರೂ ರಸೀದಿ ಕೊಡುತ್ತೇವೆ. ವರ್ಷದ ಕೊನೆಗೆ ಖರ್ಚಿನ ವಿವರ ಕಳಿಸುತ್ತೇವೆ. ಹಣ ಆಗದಿದ್ದರೆ ಸಮಯ ಕೊಡಿ. ನಿವೃತ್ತ ನರ್ಸ್‌ಗಳು, ಲೆಕ್ಕ ಬಲ್ಲವರು ಟ್ರಸ್ಟ್ ಕಚೇರಿಗೆ ಬನ್ನಿ, ಕೆಲಸ ಬೇಕಾದಷ್ಟಿದೆ.

ಟ್ರಸ್ಟಿನ ಪರವಾಗಿ,
ಕಾರ್ಯದರ್ಶಿ